ಇಲ್ಲದ ಬ್ರೇಕು

ನನ್ನ ಗಂಡನ ಮೇಲೆ ಟೆಂಪೊ ಹತ್ತಿಸಿದವನೇ ನಮ್ಮ ಫ್ಯಾಕ್ಟರಿ ವ್ಯಾನಿಗೆ ಡ್ರೈವರಾಗಿ ಬಂದ. ಬೆಳಿಗ್ಗೆ ಊರ ಮುಂದಿನ ಸ್ಟಾಪಿನಲ್ಲಿ ಟಿಫನ್ ಬಾಕ್ಸು ಹಿಡಿದು ಹತ್ತಲು ಕಾಲೆತ್ತಿದವಳು, ಸ್ಟೀರಿಂಗಿನ ಹಿಂದೆ ಆ ಮುಖ ಕಂಡು ಹಾಗೇ ನಿಂತೆ. ನಂಜನಗೂಡಿನ ಕೋರ್ಟಿನಲ್ಲಿ ನೋಡಿದ್ದ ಮುಖ. ಹಣೆಗೆ ವಿಭೂತಿ, ಇನ್ನೂ ಎಳೆ ವಯಸ್ಸು. ಕೇಸು ನಡೆಯುತ್ತಲೇ ಇತ್ತು, ಇವನು ಜಾಮೀನಿನ ಮೇಲೆ ಹೊರಗಿದ್ದ. ಅವನೂ ನನ್ನ ಗುರುತು ಹಿಡಿದ. ಆ ವ್ಯಾನು ಬಿಟ್ಟರೆ ಶಿಫ್ಟಿನ ಹೊತ್ತಿಗೆ ತಾಂಡ್ಯದ ಫ್ಯಾಕ್ಟರಿ ಮುಟ್ಟಿಸುವ ಬಸ್ಸು ನಮ್ಮೂರಿಗಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ, ಓದುವ ಮಗಳು. ಹತ್ತಿದೆ. ಅವನ ಹಿಂದಿನ ಸೀಟೊಂದೇ ಖಾಲಿಯಿತ್ತು.

ಆಮೇಲೆ ಅದೇ ನನ್ನ ಜಾಗವಾಯಿತು. ಕಣ್ಣು ತೆರೆದರೆ ಅವನ ಕುತ್ತಿಗೆ, ಕಾಲರಿನ ಬೆವರು. ಅದಕ್ಕೇ ಕಣ್ಣು ಮುಚ್ಚಿ ಕೂರುತ್ತಿದ್ದೆ. ನಮ್ಮದು ಮಾವನವರ ಕಾಲಕ್ಕೇ ಬೌದ್ಧ ದೀಕ್ಷೆ ತೆಗೆದುಕೊಂಡ ಮನೆ. ಭಾನುವಾರ ಕೇರಿಯ ವಿಹಾರದಲ್ಲಿ ಉಸಿರು ಗಮನಿಸುತ್ತ ಕೂರುವುದು ನನಗೆ ರೂಢಿ. ವ್ಯಾನಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ ನನ್ನನ್ನು ನೋಡಿ ಪ್ಯಾಕಿಂಗಿನ ಹಿರಿಯಕ್ಕ ಉಳಿದವರಿಗೆ ಹೇಳಿದರು: "ನೋಡ್ರವ್ವ, ಗಂಡನ್ನ ಕೊಂದೋನ್ ಇಂದ್ಗಡೆ ಬುದ್ದನ್ ತರ ಕುಂತವ್ಳೆ. ನಾನಾಗಿದ್ರೆ ಜುಟ್ಟಿಡ್ದು ಎಳೀತಿದ್ದೆ."

ಬುದ್ಧನ ಥರ ಅಂತೆ. ಒಳಗೆ ನಡೆಯುತ್ತಿದ್ದುದೇ ಬೇರೆ. ಉಸಿರು ಒಳಗೆ ಬಂದಾಗ 'ನಿನ್ ಕೈ ಸೇದೋಗ', ಹೊರಗೆ ಹೋದಾಗ 'ನಿನ್ ಮನೆ ಆಳಾಗ'. ಒಂದು ಉಸಿರೂ ದಂಡವಾಗುತ್ತಿರಲಿಲ್ಲ. ಧ್ಯಾನಕ್ಕೆಂದು ಕಲಿತ ಏಕಾಗ್ರತೆ ಶಾಪ ಹಾಕುವುದಕ್ಕೆ ಇಷ್ಟು ಚೆನ್ನಾಗಿ ಒದಗುತ್ತದೆಂದು ವಿಹಾರಕ್ಕೆ ಬರುವ ಯಾವ ಭಂತೇಜಿಯೂ ನಮಗೆ ಹೇಳಿರಲಿಲ್ಲ. ವ್ಯಾನು ಸ್ವಲ್ಪ ಜೋರಾದರೂ ಸಾಕು, ನನ್ನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಅದುಮುತ್ತಿತ್ತು. ಸಂಜೆ ಮನೆಗೆ ಬರುವಷ್ಟರಲ್ಲಿ ಮೀನಖಂಡ ಕಲ್ಲಾಗಿರುತ್ತಿತ್ತು.

ಹುಣ್ಣಿಮೆ ದಿನ ಅತ್ತೆ ಬಿಳಿ ಸೀರೆ ಉಟ್ಟು ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರ ಒಳಿತನ್ನು ಬೇಡುತ್ತಾರೆ. ಮನೆಯವರು, ಊರವರು, ಹಸುಕರು ಎಲ್ಲ ಮುಗಿದು ಕೊನೆಗೆ, "ನಮ್ಗೆ ನೋವು ಕೊಟ್ಟೋರೂ ಸುಕವಾಗಿರ್ಲಿ." ಅತ್ತೆ ಒಂದೊಂದು ಸಾಲು ಹೇಳಿದ ಮೇಲೆ ನಾನು, ಮಗಳು ಅದನ್ನು ತಿರುಗಿ ಹೇಳಬೇಕು. ಆ ಕೊನೆಯ ಸಾಲಿಗೆ ನನ್ನ ಬಾಯಿಗೆ ಬೀಗ. ಒಮ್ಮೆ ರೇಗಿಯೇ ಕೇಳಿದೆ: "ನಿಮ್ಗೆ ಒಟ್ಟೆ ಉರಿಯಾಕಿಲ್ವ ಅತ್ತೆ? ಎತ್ತ ಮಗ ಕಣತ್ತೆ."

"ಉರೀತದೆ ಕಣವ್ವ. ಎಲ್ಲಿ ಉರೀತದೆ ಅಂತ ನೋಡ್ಕಂಡು ಆ ಸಾಲು ಏಳ್ತೀನಿ."

ನನಗೆ ಇನ್ನೂ ಸಿಟ್ಟು ಬಂತು. ಹೆತ್ತವರಿಗೇ ಇಲ್ಲದ ಕೋಪ ನನಗೊಬ್ಬಳಿಗೇ ಅಂಟಿಕೊಂಡ ಹಾಗಿತ್ತು.

ಗಂಡ ಸತ್ತದ್ದು ನರಸೀಪುರ ರಸ್ತೆಯ ಹುಣಸೆಮರದ ತಿರುವಿನಲ್ಲಿ, ಮೊಪೆಡ್ಡಿನ ಮೇಲೆ ಹಸಿ ಹುಲ್ಲು ತರುವಾಗ. ಹಳೆಯ ಡ್ರೈವರ್ ಇದ್ದಾಗ ಆ ತಿರುವಿಗೆ ಮುಂಚೆಯೇ ಕಣ್ಣು ಮುಚ್ಚಿದರೆ, ನಂಜನಗೂಡಿನ ಗದ್ದಲ ಕಿವಿಗೆ ಬಿದ್ದ ಮೇಲೇ ತೆರೆಯುತ್ತಿದ್ದೆ. ಅಪಘಾತವಾದ ಮೇಲೆ ಆ ಜಾಗವನ್ನು ಒಂದು ಸಲವೂ ನೋಡಿರಲಿಲ್ಲ. ಇವನು ಬಂದ ಮೇಲೆ ಆ ದಾರಿಯೇ ತಪ್ಪಿತು. ತಿರುವಿಗೆ ಮೊದಲೇ ನಾಲೆ ಏರಿಗೆ ಇಳಿಸಿ ಸುತ್ತಿಕೊಂಡು ಹೋಗುತ್ತಿದ್ದ. ಕೇಳಿದರೆ ರೋಡು ಸರಿಯಿಲ್ಲ ಅನ್ನುತ್ತಿದ್ದ. ಎಲ್ಲರಿಗೂ ಲೇಟ್ ಪಂಚ್ ಆಗಿ ಸೂಪರ್‌ವೈಸರ್ ಬೈಯುತ್ತಿದ್ದ. ನನ್ನ ಕಣ್ಣು ತಪ್ಪಿಸಲು ಹಾಗೆ ಮಾಡುತ್ತಾನೆಂದು ನಾನು ತಿಳಿದಿದ್ದೆ.

ಮೊನ್ನೆಯ ಹುಣ್ಣಿಮೆ ದಿನ ಬೆಳಿಗ್ಗೆ ನಾಲೆಯ ಹೂಳೆತ್ತಲು ಜೆಸಿಬಿ ಬಂದು ಏರಿಯ ದಾರಿ ಮುಚ್ಚಿತ್ತು. ಅವನು ವ್ಯಾನು ತಿರುಗಿಸಿ ರಸ್ತೆಗೆ ಬಂದ. ಹುಣಸೆಮರ ದೂರದಲ್ಲಿ ಕಂಡದ್ದೇ ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಟ್ಟ.

"ಯಾಕ್ಲಾ ನಿಲ್ಲುಸ್ದೆ?" ಹಿಂದಿನ ಸೀಟಿನಿಂದ ಯಾರೋ ಕೂಗಿದರು.

"ಇಂಜಿನ್ ಬಿಸಿಯಾಗದೆ."

ಹೆಂಗಸರೆಲ್ಲ ಒಟ್ಟಿಗೇ ಎದ್ದರು. ಹಿರಿಯಕ್ಕ ವ್ಯಾನಿನ ಕಂಟ್ರಾಕ್ಟರಿಗೆ ಫೋನು ಹಚ್ಚಲು ಮೊಬೈಲು ತೆಗೆದು ನನ್ನ ಕಡೆ ತಿರುಗಿದರು. "ನೀನೊಂದ್ ಮಾತೇಳವ್ವ, ಇವತ್ತೇ ಕಿತ್ತಾಕುಸ್ತೀನಿ ಇವನ್ನ. ನೀ ಏಳುದ್ರೆ ಯಾರೂ ಇಲ್ಲ ಅನ್ನಾಕಿಲ್ಲ."

ಇಷ್ಟು ದಿನ ಶಪಿಸಿದ್ದು ಬಾಗಿಲಿಗೇ ಬಂದು ನಿಂತಿತ್ತು. ಹೂಂ ಅಂದರೆ ಸಾಕಿತ್ತು. ಅನ್ನಲೆಂದೇ ಕಣ್ಣು ತೆರೆದೆ. ಸೀಟುಗಳ ಸಂದಿಯಲ್ಲಿ ಅವನ ಬಲಗಾಲು ಕಂಡಿತು. ನಿಂತ ಗಾಡಿಯಲ್ಲಿ ಬ್ರೇಕನ್ನು ಅದುಮುತ್ತಿತ್ತು, ಮೈಭಾರವೆಲ್ಲ ಅದರ ಮೇಲಿತ್ತು. ನನ್ನ ಬಲಗಾಲೂ ಅದೇ ಹೊತ್ತಿಗೆ ತಗಡಿನ ನೆಲವನ್ನು ಅದುಮುತ್ತಿತ್ತು.

"ಫೋನ್ ಮಡಗಕ್ಕ" ಅಂದು ಕೆಳಗಿಳಿದು, ಮುಂದಿನ ಬಾಗಿಲು ತೆಗೆದು ಅವನ ಪಕ್ಕ ಕೂತೆ. ಯಾಕೆ ಹಾಗೆ ಮಾಡಿದೆನೋ, ಆಗ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

"ನಂಗಾಗಾಕಿಲ್ಲ ಕಣಕ್ಕ" ಅಂದ. "ಅಲ್ಲಿಗ್ ಬಂದ್ರೆ ಆ ಸದ್ದು ಕೇಳ್ತದೆ."

ಅಳತೊಡಗಿದ. ನನ್ನ ಮುಂದೆ ಅಳುವುದಕ್ಕೆ ಇವನಾರು ಎಂದು ಮೈಯೆಲ್ಲ ಉರಿಯಿತು. ಎಲ್ಲಿ ಉರಿಯುತ್ತದೆ ಎಂದು ನೋಡಿದೆ. ಗಂಟಲಲ್ಲಿ, ಎದೆಗೂಡಿನ ಕೆಳಗೆ, ಮೀನಖಂಡದಲ್ಲಿ. ಅತ್ತೆ ಹೇಳಿದ್ದು ಬರೀ ಮಾತಲ್ಲ ಅನ್ನಿಸಿತು.

"ಉಸ್ರು ಎಳ್ಕೊ" ಅಂದೆ. ನನಗೆ ಬರುತ್ತಿದ್ದುದು ಅದೊಂದೇ. "ಈಗ ಬುಡು. ಇನ್ನೊಂದ್ಸಲ ಎಳ್ಕೊ."

ಅವನು ಎಳೆದುಕೊಂಡ, ಬಿಟ್ಟ. ಅವನ ಜೊತೆ ನಾನೂ. ಅಭ್ಯಾಸದಂತೆ ಶಾಪ ನಾಲಿಗೆಯ ತುದಿಗೆ ಬಂತು. ಆದರೆ ಆ ಉಸಿರು ಅವನಿಗೂ ಬೇಕಾಗಿತ್ತು. ಶಾಪ ಅಲ್ಲೇ ನಿಂತಿತು. ಆಮೇಲೆ ಅವನು ಗೇರ್ ಹಾಕಿದ, ಗಾಡಿ ನಡಿಗೆಯ ವೇಗದಲ್ಲಿ ಸಾಗಿತು. ತಿರುವಿನಲ್ಲಿ ಕಣ್ಣು ಮುಚ್ಚಬಾರದೆಂದು ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಸಂಜೆ ಮನೆಗೆ ಬಂದಾಗ ಅತ್ತೆ ಮೇಣದಬತ್ತಿ ಹಚ್ಚಿ ಕಾಯುತ್ತಿದ್ದರು. "ಇವತ್ತು ಆ ತಿರುವು ನೋಡ್ದೆ ಅತ್ತೆ" ಅಂದೆ.

"ಏನಿತ್ತವ್ವ ಅಲ್ಲಿ?"

"ರೋಡಿನ್ ಮೇಲೆ ಉಳ್ಳಿಕಾಳಿನ್ ಗಿಡ ಒಕ್ಕಣೆಗೆ ಅರ್ವಿದ್ರು. ನಮ್ ವ್ಯಾನು ಅದ್ರ ಮೇಲೇ ಬಂತು. ಇನ್ನೇನೂ ಇರ್ನಿಲ್ಲ."

ಅತ್ತೆ ಸಾಲುಗಳನ್ನು ಶುರು ಮಾಡಿದರು. ಮನೆಯವರಾಯಿತು, ಊರವರಾಯಿತು, ಹಸುಕರುಗಳಾಯಿತು. ಕೊನೆಯ ಸಾಲಿಗೆ ಅವರ ದನಿ ಹೊರಡಲಿಲ್ಲ. ಮಗ ಸತ್ತಾಗಲೂ ನಮ್ಮೆದುರು ಅಳದಿದ್ದವರು ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕತೊಡಗಿದರು. ಮಗಳು ಗಾಬರಿಯಿಂದ ನನ್ನ ಮುಖ ನೋಡಿದಳು.

ನಾನು ಅವನನ್ನು ಕ್ಷಮಿಸಿರಲಿಲ್ಲ, ಇವತ್ತಿಗೂ ಕ್ಷಮಿಸಿದ್ದೇನೋ ಇಲ್ಲವೋ ಗೊತ್ತಿಲ್ಲ. ಆದರೆ ಅತ್ತೆ ಒಂದು ಹುಣ್ಣಿಮೆಯೂ ಬಿಡದೆ ಹೊತ್ತುಕೊಂಡು ಬಂದಿದ್ದ ಸಾಲು ಅದು, ನೆಲಕ್ಕೆ ಬೀಳಲು ಬಿಡುವ ಹಾಗಿರಲಿಲ್ಲ. ಉಸಿರೆಳೆದುಕೊಂಡು ಅವರ ಬದಲು ನಾನೇ ಹೇಳಿದೆ. ಮಗಳು ಅದನ್ನು ತಿರುಗಿ ಹೇಳಿದಳು.