ಐದು ಲೋಹಗಳ ಒಗ್ಗಟ್ಟು ಕಾಯುವ ಕುಲುಮೆಯಕ್ಕ

ಬೆಳಗಿನ ಜಾವ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಆಕೆ ಕುಲುಮೆಯ ಬಾಗಿಲು ತೆರೆದರೆ, ಹೊರಗೆ ಹುಟ್ಟಲು ಹೊರಟ ಸೂರ್ಯ ‘ಇನ್ನು ನನಗೇನು ಕೆಲಸ’ ಎಂದು ಮತ್ತೆ ಹೊದ್ದು ಮಲಗುತ್ತಾನೆ. ಕೈಯಲ್ಲಿ ಆನೆಯ ಬಾಲ ಹಿಡಿದೆಳೆಯುವಷ್ಟು ಉದ್ದದ ಇಕ್ಕಳ, ಕಾಲ ಬಳಿ ನೀರಿನ ಬಕೆಟ್. ಹುಬ್ಬು ಸುಟ್ಟುಹೋಗಿ ಯಾವ ಕಾಲವಾಯಿತೋ. ಎಲ್ಲರಿಗೂ ಆಕೆ ಕುಲುಮೆಯಕ್ಕ.

ಕುಲುಮೆಯೊಳಗೆ ಗಾಜಿನಂಥ ಕೊಳವೆ, ಅದರೊಳಗೆ ಅಂಗಿಯ ಗುಂಡಿಯಷ್ಟು ಲೋಹ. ಮಾಮೂಲಿ ಮಿಶ್ರಲೋಹದಲ್ಲಿ ಒಂದು ಲೋಹ ಯಜಮಾನ, ಉಳಿದವು ಚಿಟಿಕೆಯಷ್ಟು. ಈ ಹೈ ಎಂಟ್ರಪಿ ಮಿಶ್ರಲೋಹದಲ್ಲಿ ಐದಕ್ಕೂ ಸಮಪಾಲು. ವಾರಗಟ್ಟಲೆ ಕಾವಿನಲ್ಲಿಟ್ಟರೂ ಐದೂ ಒಂದೇ ಜೋಡಣೆಯಲ್ಲಿ ಬೆರೆತು ನಿಲ್ಲುತ್ತವೆಯೇ, ಎರಡು ಗುಂಪಾಗಿ ಬೇರೆ ಒಲೆ ಹೂಡುತ್ತವೆಯೇ ಎಂಬುದೇ ಪ್ರಶ್ನೆ. ಉತ್ತರ ಬೇಕಾದರೆ ಕೆಂಡದಂತಿರುವಾಗಲೇ ಥಟ್ಟನೆ ನೀರಿಗೆ ಹಾಕಬೇಕು; ಆಗ ಕಾವಿನಲ್ಲಿದ್ದ ಜೋಡಣೆ ಬದಲಾಗಲು ಸಮಯ ಸಿಗದೆ ಹಾಗೇ ಉಳಿಯುತ್ತದೆ.

“ಬಿಸಿ ಇದ್ದಾಗ ಒಗ್ಗಟ್ಟಾಗೇ ಇರ್ತಾವೋ ಏನೋ,” ಎನ್ನುತ್ತಾಳೆ ಆಕೆ. “ನಿಧಾನವಾಗಿ ಆರೋಕೆ ಬಿಟ್ರೆ ಮಾತ್ರ ಪಾಲು ಕೇಳೋಕೆ ಶುರು ಮಾಡ್ಬಹುದು.”

ಆಕೆ ಹರೆಯವನ್ನೆಲ್ಲ ಸವೆಸಿದ್ದು ಗಾಜಿನ ಕಾರ್ಖಾನೆಯಲ್ಲಿ. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಳು. ಗಾಜನ್ನು ಮೆಲ್ಲಗೆ ಆರಿಸಬೇಕು, ಅವಸರ ಮಾಡಿದರೆ ಬಿರುಕು. ಆ ಕೈರೂಢಿ ಮೂಳೆಗಿಳಿದಿದೆ. “ಇವಳೆದುರು ಚಹಾ ಊದಿ ಕುಡಿಯೋ ಹಾಗಿಲ್ಲ,” ಎಂದು ಗಂಡ ಛೇಡಿಸುತ್ತಾನೆ. “ಲೋಟಕ್ಕೆ ನೋವಾಗುತ್ತಂತೆ.”

ಹೋದ ಸಲ ಎಡವಟ್ಟು ಮಾಡಿದ್ದೂ ಆ ರೂಢಿಯೇ. ಈ ಲೋಹದ ಮೇಲೆ ಸಂಶೋಧನೆ ಮಾಡುವ ಹುಡುಗ ಪಕ್ಕದಲ್ಲಿರಲಿಲ್ಲ. ಆಕೆ ವಿದ್ಯುತ್ ಆರಿಸಿ, ಬಾಗಿಲು ತೆರೆಯದೆ, ಮಗುವನ್ನು ಮಲಗಿಸುವಂತೆ ಕೊಳವೆಯನ್ನು ಒಳಗೇ ಆರಲು ಬಿಟ್ಟಳು. ಎಕ್ಸ್‌ರೇ ಪರೀಕ್ಷೆಯಲ್ಲಿ ಲೋಹ ಎರಡು ಗುಂಪಾಗಿ ಒಡೆದದ್ದು ಕಂಡಿತು. “ತಪ್ಪು ನಂದು ತಮ್ಮಾ,” ಎಂದಳು. “ನಿಮ್ದಲ್ಲ ಬಿಡಿ ಅಕ್ಕಾ, ಲೋಹಾನೇ ಹಾಗಿರ್ಬೇಕು,” ಎಂದ ಹುಡುಗ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಇನ್ನೊಂದೇ ತುಣುಕು ಉಳಿದಿದೆ. ಇದೂ ಒಡೆದರೆ ಈ ಮಿಶ್ರಲೋಹವನ್ನೇ ಕೈಬಿಡು ಎಂದು ಹುಡುಗನಿಗೆ ಅವನ ಮೇಷ್ಟ್ರು ಹೇಳಿಬಿಟ್ಟಿದ್ದಾರೆ. ಅಂದರೆ ಇಂದು ಲೋಹ ಎರಡಾಗಿ ಕಂಡರೆ ಅಕ್ಕನ ಮೇಲೆ ತಪ್ಪಿಲ್ಲ, ಹುಡುಗನ ವರ್ಷಗಳ ದುಡಿಮೆ ಮಣ್ಣುಪಾಲು. ಒಂದಾಗಿ ಕಂಡರೆ ಲೋಹ ಗಟ್ಟಿ, ಕೆಡಿಸಿದ್ದು ಅಕ್ಕನ ಕೈ.

“ಯಾವ್ದಾಗ್ಲಿ ಅಂತೀಯಾ?” ಮನೆಯಿಂದ ಹೊರಡುವಾಗ ಗಂಡ ಕೇಳಿದ್ದ.

“ತಪ್ಪು ನಂದೇ ಆಗ್ಲಿ,” ಎಂದು ಚಪ್ಪಲಿ ಮೆಟ್ಟಿದ್ದಳು.

ಈಗ ಬಾಗಿಲು ತೆರೆಯುತ್ತದೆ. ಇಕ್ಕಳ ಒಳಹೋಗಿ ಹೊರಬರುವ ವೇಗಕ್ಕೆ ಮಿಂಚು ಕೂಡ ರಜೆ ಹಾಕಬೇಕು. ಬಕೆಟ್ ಹುಲಿಯಂತೆ ಗರ್ಜಿಸುತ್ತದೆ. ನೀರೊಳಗೇ ಕೊಳವೆಯನ್ನು ಒಡೆದು ತುಣುಕನ್ನು ಹುಡುಗನ ಕೈಗಿಟ್ಟ ಮೇಲೆ, ಆಕೆ ಒದ್ದೆ ನೆಲ ಒರೆಸಲು ಕೂರುತ್ತಾಳೆ. ಒಣಗಿದ ನೆಲವನ್ನೂ ಒರೆಸುತ್ತಾಳೆ.

ಮಧ್ಯಾಹ್ನ ಹುಡುಗ ಮೆಟ್ಟಿಲಿಳಿದು ಬರುತ್ತಾನೆ. “ಅಕ್ಕಾ, ಒಂದೇ. ಎರಡನೇದು ಕಾಣ್ತಾನೇ ಇಲ್ಲ.” ನಗು ಅರ್ಧಕ್ಕೆ ನಿಲ್ಲುತ್ತದೆ. “ಅಂದ್ರೆ, ಹೋದ್ಸಲ...”

“ಕೆಡಿಸಿದ್ದು ನಾನೇ. ಹೇಳಿದ್ರೆ ನಂಬಿದ್ಯಾ ನೀನು?”

ಇಕ್ಕಳವನ್ನು ಮೊಳೆಗೆ ನೇತುಹಾಕಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಆಕೆ ಹೇಳುತ್ತಾಳೆ: “ನಿಧಾನವಾಗಿ ಆರಿಸಿದ್ರೆ ಒಡೆಯುತ್ತೆ ಅಂತಾನೂ ಬರಿ ತಮ್ಮಾ. ಅದೂ ನನ್ನ ಕೈಯಿಂದಾನೇ ಗೊತ್ತಾಗಿದ್ದು.”