ಬೆಳ್ಳಗಾದ ಎಮ್ಮೆ

ನಾನು ಮಾಡಿದ ಮೊದಲ ಕಾರಂಜಿಯಲ್ಲಿ ಅಪ್ಸರೆಯೂ ಇರಲಿಲ್ಲ, ಹಂಸವೂ ಇರಲಿಲ್ಲ. ಒಂದು ಎಮ್ಮೆ ಮಲಗಿತ್ತು. ರಾಜಾಜಿನಗರಕ್ಕೆ ಮೆಟ್ರೋ ಇನ್ನೂ ಬಂದಿರದ ಕಾಲ. ಅಲ್ಲಿನ ಪಾರ್ಕೊಂದಕ್ಕೆ ಕಾರಂಜಿ ಬೇಕೆಂದಾಗ, ನೀರು ಕಂಡರೆ ಎಮ್ಮೆಯಷ್ಟು ಸುಖಪಡುವ ಪ್ರಾಣಿ ಇನ್ಯಾವುದಿದೆ ಎಂದು ಹಟ ಹಿಡಿದು, ಎಂಟು ತಿಂಗಳು ಕರಿಕಲ್ಲು ಕೆತ್ತಿದೆ. ಬೆನ್ನ ಮೇಲಿಂದ ನೀರು ಇಳಿದು ತೊಟ್ಟಿಗೆ ಬೀಳುತ್ತಿತ್ತು. ಒದ್ದೆ ಮೈ ಹೊಳೆಯುವುದನ್ನು ನೋಡಿ ನಾನೇ ಮರುಳಾಗಿದ್ದೆ.

ನೀರು ಮಾತ್ರ ಬೋರ್‌ವೆಲ್‌ನದು. ಮೂರು ತಿಂಗಳಲ್ಲಿ ಉಪ್ಪು ಕಟ್ಟಿ, ಕೊಂಬಿನಿಂದ ಬಾಲದವರೆಗೆ ಬಿಳಿ ಪದರ ಕೂತುಬಿಟ್ಟಿತು. ವಾಕಿಂಗ್ ಬರುವ ಹಿರಿಯರೊಬ್ಬರು, "ಏನ್ ಸಾರ್, ನಿಮ್ಮೆಮ್ಮೆ ಹಸು ಆಗೋಯ್ತಲ್ಲ!" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಪಾರ್ಕಿನ ಎಂಜಿನಿಯರ್ ನಗಲೂ ಇಲ್ಲ.

"ಸೋಮವಾರ ಬರ್ತೀನಿ. ಆಗ್ಲೂ ಹಿಂಗೇ ಇದ್ರೆ ಎಮ್ಮೆ ಎತ್ತಿಸಿ, ತೊಟ್ಟೀಲಿ ಮಣ್ಣು ತುಂಬಿ ಕ್ರೋಟನ್ ಹಾಕಿಸ್ತೀನಿ. ಬೇಜಾರ್ ಮಾಡ್ಕೋಬೇಡಿ" ಎಂದರು.

ಭಾನುವಾರ ಬೆಳಿಗ್ಗೆಯೇ ಬಾತ್‌ರೂಮ್ ತೊಳೆಯುವ ಆಸಿಡ್ ಬಾಟಲಿ ಹಿಡಿದು ಹೋದೆ. ಪಂಪ್ ನಿಲ್ಲಿಸಿ ಮುಚ್ಚಳ ತೆಗೆದಿದ್ದೆನಷ್ಟೆ, ಪಾರ್ಕ್ ಗುಡಿಸುವ ಹೇರೋಹಳ್ಳಿಯ ಹೆಂಗಸು ಪೊರಕೆ ಬಿಸಾಕಿ ಓಡಿಬಂದರು.

"ಅಯ್ಯಯ್ಯೋ, ಆಸಿಡ್ಡಾ ಸಾರ್? ಕಣ್ಣಿಗೆ ಬಿದ್ರೆ ಏನ್ ಗತಿ!"

"ನನ್ನ ಕಣ್ಣಿಗೇನೂ ಆಗಲ್ಲ, ನೀವು ಆ ಕಡೆ ಹೋಗಿ."

"ನಿಮ್ದಲ್ಲ ಸಾರ್, ಎಮ್ಮೇದು."

ರೇಗಿಹೋಯಿತು. "ಅದು ಕಲ್ಲು ಕಣಮ್ಮಾ!" ಎಂದು ಕೂಗಿಬಿಟ್ಟೆ. ಕೆತ್ತಿದವನ ಬಾಯಲ್ಲೇ ಆ ಮಾತು ಬಂತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಆಕೆ "ಒಸಿ ತಡೀರಿ" ಎಂದು ಹೋಗಿ, ಮೂಲೆಯಂಗಡಿಯಿಂದ ಹುಣಸೆಹಣ್ಣು ತಂದರು, ಎಲ್ಲಿಂದಲೋ ತೆಂಗಿನ ನಾರೂ ಬಂತು. ಸೀರೆ ಎತ್ತಿ ಕಟ್ಟಿ ತೊಟ್ಟಿಗಿಳಿದು, ನೆನೆಸಿದ ಹುಣಸೆಹಣ್ಣನ್ನು ಎಮ್ಮೆಯ ಪಕ್ಕೆಗೆ ಮೆತ್ತಿದರು. "ಹಿತ್ತಾಳೆ ದೀಪ ಬೆಳಗಲ್ವಾ, ಹಂಗೇ" ಎನ್ನುತ್ತ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರು. ಅಂಗೈ ಅಗಲ ಕಪ್ಪು ಕಾಣಿಸಿತು. ನಾನು ತೆಪ್ಪಗೆ ಪ್ಯಾಂಟು ಮಡಚಿ ಇಳಿದೆ. ಉಪ್ಪು ಸುಲಭಕ್ಕೆ ಬಿಡಲಿಲ್ಲ. ಒಂದೊಂದು ಜಾಗಕ್ಕೆ ನಾಲ್ಕು ನಾಲ್ಕು ಸಲ ಮೆತ್ತಿದೆವು. ಆಕೆಗೆ ಎಮ್ಮೆಯ ಮೈ ಗೊತ್ತಿತ್ತು. "ಕಿವಿ ಹಿಂದೆ ಬಿಟ್ಬಿಟ್ರಿ ನೋಡಿ" ಎಂದು ನನ್ನನ್ನೇ ಗದರಿದರು. ಸಂಜೆಯವರೆಗೂ ಉಜ್ಜಿದೆವು. ಸೊಂಟ ಬಿದ್ದುಹೋಯಿತು.

ಸೋಮವಾರ ಎಂಜಿನಿಯರ್ ಎರಡು ಸುತ್ತು ಹಾಕಿ, "ನೀರು ಬಿಡಿ" ಎಂದಷ್ಟೇ ಹೇಳಿ ಹೋದರು.

ಅಂದಿನಿಂದ ಪ್ರತಿ ಭಾನುವಾರ ಆಕೆ ಎಮ್ಮೆಗೆ ಸ್ನಾನ ಮಾಡಿಸುತ್ತಿದ್ದರು. ಅದು ಅವರ ಕೆಲಸವಲ್ಲ, ಯಾರೂ ಹೇಳಿರಲೂ ಇಲ್ಲ. ಆ ಎಮ್ಮೆಯನ್ನು ನೋಡಿದವರೇ ನನಗೆ ವಿಜಯನಗರದಲ್ಲಿ, ಕೆಂಗೇರಿಯಲ್ಲಿ ಕೆಲಸ ಕೊಟ್ಟರು. ನಾನು ಇವತ್ತು ಶಿಲ್ಪಿ ಅನ್ನಿಸಿಕೊಂಡಿದ್ದರೆ ಅದು ಆ ತಾಯಿಯ ಕೈಗುಣ. ಒಂದು ಭಾನುವಾರ ಹುಣಸೆಹಣ್ಣು ತೆಗೆದುಕೊಂಡು ಹೋಗಿ ಕೈಮುಗಿದೆ.

"ಅಮ್ಮಾ, ನನ್ನ ಮರ್ಯಾದೆ ಉಳಿಸಿದ್ರಿ. ನನಗೋಸ್ಕರ ಇಷ್ಟು ಕಷ್ಟಪಡ್ತೀರಲ್ಲ."

ಆಕೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಿಮ್ಗೋಸ್ಕರ ಅಲ್ಲ ಸಾರ್. ಕೊಟ್ಟಿಗೆ ಜಾಗ ಸೈಟಾದಾಗ ನಮ್ಮೆಮ್ಮೇನ ಮಾರಿದ್ವಿ. ಅವತ್ತು ಲಾರಿ ಬೇಗ ಬಂದ್ಬಿಡ್ತು. ಮೈ ತೊಳೀದೇ ಕಳಿಸ್ಬಿಟ್ಟೆ."