ಲಿಬಿಯಾ ಕ್ಯಾಂಪಿನ ಅಡಿಗೆಯಣ್ಣ

ಇವತ್ತು ಬೆಳಿಗ್ಗೆ ಸೊಸೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಚನ್ನಗಿರಿಯ ಜಗುಲಿಯಲ್ಲಿ ಕೂತಿದ್ದವನು ಸೀದಾ ಲಿಬಿಯಾಕ್ಕೆ ಹೋಗಿಬಿಟ್ಟೆ... ನಮ್ಮ ಅಡಿಗೆಯಣ್ಣನ ಹತ್ತಿರಕ್ಕೆ.

ಅದು ಎಂಬತ್ತರ ದಶಕದ ಆರಂಭ. ನಮ್ಮ ಬೊಂಬಾಯಿ ಕಂಪನಿ ಆಗತಾನೆ ಹೊರದೇಶಕ್ಕೆ ಕಾಲಿಟ್ಟಿತ್ತು. ದೊಡ್ಡ ಗುತ್ತಿಗೆಯೆಲ್ಲ ಕೊರಿಯಾದ ಕಂಪನಿಯದು. ಅವರ ಕೈಕೆಳಗೆ ನಮ್ಮವರು ಒಂದು ಆಸ್ಪತ್ರೆ ಕಟ್ಟುತ್ತಿದ್ದರು. ನಾನು ಗಾರೆಯವನು. ಅಡಿಗೆಯಣ್ಣ ಜಗಳೂರು ಕಡೆಯ ಸೊಕ್ಕೆಯವನು. ಅಲ್ಲಿ ಸಿಕ್ಕ ಹಿಟ್ಟಿನಲ್ಲೇ ರೊಟ್ಟಿ ತಟ್ಟಿ ಕೆಂಪು ಖಾರ ಅರೆದು ಹಾಕಿದನೆಂದರೆ, ಊರು ನೆನೆದು ಅಳುವವನೂ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಪಕ್ಕದ ಕ್ಯಾಂಪಿನ ಕೊರಿಯಾದವರೂ ಘಾಟು ಹಿಡಿದು ಬಟ್ಟಲು ತಂದರು. ಖಾರವೆಂದರೆ ಅವರಿಗೂ ಪ್ರಾಣ.

ಛಾವಣಿಗೆ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕುವ ದಿನ ಬಂತು. ಅರ್ಧ ಛಾವಣಿ ಆಗುವಷ್ಟರಲ್ಲಿ ನಮ್ಮ ಕಾಂಕ್ರೀಟ್ ಕಲಸುವ ಯಂತ್ರ ಕೈಕೊಟ್ಟಿತು. ಸಂಜೆಯೊಳಗೆ ಮುಗಿಯದಿದ್ದರೆ ಗುತ್ತಿಗೆ ರದ್ದು, ನಾವೆಲ್ಲ ಗಂಟುಮೂಟೆ ಕಟ್ಟಿ ಊರಿಗೆ. ನಮ್ಮ ಎಂಜಿನಿಯರು ಕೊರಿಯಾದವರ ಕಾಂಕ್ರೀಟ್ ಲಾರಿ ಕೇಳಿ ಬರಿಗೈಲಿ ಬಂದರು. ಅವರ ಕೆಲಸಕ್ಕೇ ಲಾರಿ ಸಾಲದಂತೆ. ನಾವು ತಲೆ ಮೇಲೆ ಕೈಹೊತ್ತು ಕೂತೆವು.

ಅಡಿಗೆಯಣ್ಣ ಸೌಟು ಕೆಳಗಿಟ್ಟ. "ತಡೀರಿ ಸಾಹೇಬ್ರೆ, ನಾನೊಂದ್ಸಲ ಕೇಳ್ಕೊಂಡ್ ಬರ್ತೀನಿ."

ಸ್ವಲ್ಪ ಹೊತ್ತಿಗೆ ಧೂಳೆದ್ದಿತು. ಒಂದಲ್ಲ, ಎರಡು ಲಾರಿ! ಮುಂದಿನದರಲ್ಲಿ ಡ್ರೈವರನ ಪಕ್ಕ ಅಡಿಗೆಯಣ್ಣ ಮದುಮಗನ ಹಾಗೆ ಕೂತಿದ್ದ. ನಾವು ಶಿಳ್ಳೆ ಹೊಡೆದು ಕುಣಿದೆವು. ಕೊರಿಯಾದ ಹುಡುಗರೂ ಸಲಿಕೆ ಹಿಡಿದು ನಮ್ಮ ಜೊತೆ ಮೇಲೆ ಹತ್ತಿದರು. ಹೊತ್ತು ಮುಳುಗುವ ಮುಂಚೆ ಮೋಲ್ಡ್ ಮುಗಿಯಿತು. ಅಂಥ ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಹೆಂಡತಿ ಬೈದರೂ ಸರಿ.

ಊಟಕ್ಕೆ ಕೂತಾಗ ಕೇಳಿದೆ, "ಹೆಂಗಣ್ಣಾ ಒಪ್ಪಿಸ್ದೆ?"

"ಅವ್ರಿಗೆ ನಮ್ ಖಾರ ಬೇಕಾಗಿತ್ತು, ನಮಗೆ ಲಾರಿ. ನಾಳೆಯಿಂದ ನಿಮ್ ಕ್ಯಾಂಪಿಗೇ ಅಡಿಗೆ ಮಾಡಾಕೆ ಬರ್ತೀನಿ ಅಂದೆ. ಉಣ್ರೋ, ರೊಟ್ಟಿ ಆರ್ತೈತೆ."

ಮರುದಿನ ಬೆಳಿಗ್ಗೆ ಅವನ ಪೆಟ್ಟಿಗೆ ಹೊತ್ತು ಪಕ್ಕದ ಕ್ಯಾಂಪಿಗೆ ಬಿಟ್ಟುಬಂದೆ.

ಆಸ್ಪತ್ರೆ ಮುಗಿದ ಮೇಲೆ ಕೊರಿಯಾದವರಿಗೆ ಬೇರೆ ದೇಶದಲ್ಲಿ ಕೆಲಸ ಸಿಕ್ಕಿತು. ಅಣ್ಣನನ್ನೂ ಕರೆದುಕೊಂಡು ಹೋದರು. ಬಸ್ಸಿನ ಕಿಟಕಿಯಿಂದ ನಗುತ್ತ ಕೈಬೀಸಿದ... ಎಷ್ಟೋ ವರ್ಷದ ನಂತರ ಸೊಕ್ಕೆಗೆ ಹೋಗಿ ವಿಚಾರಿಸಿದೆ. ಆ ಹೊರದೇಶದಲ್ಲೇ ತೀರಿಕೊಂಡನಂತೆ.

ನಾನೀಗ ಕೂತಿರುವ ಈ ಮನೆ ಅವನು ಉಳಿಸಿಕೊಟ್ಟ ಕೆಲಸದಿಂದ ಎದ್ದದ್ದು. ಇಲ್ಲಿ ಅವನನ್ನು ಕೂರಿಸಿ ಒಂದು ಹೊತ್ತು ಉಣಬಡಿಸಲು ನನಗೆ ಆಗಲೇ ಇಲ್ಲ.